ಉಪ್ಪಿನ ಹಾಗೆ ರೇಡಿಯೊ

ಬೇಲೆಕೇರಿ ಎಂದೊಡನೆ ಈಚಿನ ಓದುಗರಿಗೆ ನೆನಪಾಗುವುದು ಅದಿರು. ಮುಟ್ಟುಗೋಲು ಹಾಕಿಕೊಂಡಿದ್ದ ಕಬ್ಬಿಣದ ಅದಿರು 2010ರಲ್ಲಿ ಬಂದರಿನಿಂದಲೇ ಹಡಗು ಹತ್ತಿ ಮಾಯವಾದ ಪ್ರಕರಣ ಅಂಕೋಲಾ ತಾಲ್ಲೂಕಿನ ಈ ಪುಟ್ಟ ಊರಿನ ಹೆಸರನ್ನು ದೇಶಕ್ಕೆಲ್ಲ ಪರಿಚಯಿಸಿತು. ಆ ಗದ್ದಲವನ್ನು ಬದಿಗಿಟ್ಟು ಊರಿನ ಭೂಗೋಳವನ್ನಷ್ಟೇ ನೋಡೋಣ. ಮುಂದೆ ಕೊಲ್ಲಿ, ಅದರಾಚೆ ಅರಬ್ಬಿ ಸಮುದ್ರ. ಬೆನ್ನಿಗೆ ಗುಡ್ಡ, ಗುಡ್ಡದ ಹಿಂದೆ ಸಹ್ಯಾದ್ರಿಯ ಗೋಡೆ. ನಕಾಶೆಯ ಮೇಲೆ ನೇರ ಗೆರೆ ಎಳೆದರೆ ಬೆಂಗಳೂರಿಗೆ 400 ಕಿಲೋಮೀಟರು, ಮುಂಬಯಿಗೆ 500. ಇಲ್ಲಿನ ಒಂದು ಮನೆಯ ಜಗುಲಿಯಲ್ಲಿ ಕುಳಿತವರು, ಟೆಲಿಫೋನು, ಮೊಬೈಲು, ಉಪಗ್ರಹ ಯಾವುದರ ಹಂಗೂ ಇಲ್ಲದೆ, ತಾವೇ ಬೆಸುಗೆ ಹಾಕಿ ಕಟ್ಟಿದ ಪೆಟ್ಟಿಗೆಯೊಂದರಿಂದ ಆ ಎರಡೂ ನಗರಗಳ ಜೊತೆ ಮಾತಾಡಬಹುದೇ?

ಮಾತಾಡಬಹುದು. ಅದಕ್ಕೆ ಬೇಕಾದ ಶಕ್ತಿ ಆರೇಳು ವಾಟು. ದೇವರ ಕೋಣೆಯಲ್ಲಿ ರಾತ್ರಿಯಿಡೀ ಉರಿಯುತ್ತಿದ್ದ ಹಳೆಯ ಕಾಲದ ಪುಟ್ಟ ಬಲ್ಬು ಸಹ ಇದಕ್ಕಿಂತ ಕಡಿಮೆಯೇನೂ ತಿನ್ನುತ್ತಿರಲಿಲ್ಲ. ಬೇಕಾದ ಸಾಮಾನು ಪೇಟೆಯಲ್ಲಿ ಸಿಗುತ್ತದೆ. ಇನ್ನೊಂದು ಮಾತ್ರ ಪೇಟೆಯಲ್ಲಿ ಸಿಗುವುದಿಲ್ಲ. ಅದು ಸರ್ಕಾರದ ಅನುಮತಿ. ಮನೆಯಲ್ಲಿ ಕಟ್ಟಿದ ರೇಡಿಯೊದ ಚರಿತ್ರೆ ಎಂದರೆ ಬಹುಮಟ್ಟಿಗೆ ಈ ಎರಡರ, ಸುಲಭವಾಗಿ ಸಿಗುವ ಸಾಮಾನು ಮತ್ತು ಸುಲಭವಾಗಿ ಸಿಗದ ಅನುಮತಿಯ, ನಡುವಣ ಜಗ್ಗಾಟದ ಚರಿತ್ರೆ.

ಮೊದಲು ಶಬ್ದವೊಂದನ್ನು ಬಿಡಿಸಿಕೊಳ್ಳಬೇಕು. ನಮ್ಮ ಅಜ್ಜಂದಿರ ಕಾಲದಿಂದ ಮನೆಯ ಗೂಡಿನಲ್ಲಿ ಕೂತಿದ್ದ ರೇಡಿಯೊ ಅರ್ಧ ರೇಡಿಯೊ. ಅದು ಕೇಳಿಸಿಕೊಳ್ಳುತ್ತದೆ, ಮಾತಾಡುವುದಿಲ್ಲ. ಗ್ರಾಹಕ ಮತ್ತು ಪ್ರೇಷಕ ಎರಡೂ ಒಂದೇ ಪೆಟ್ಟಿಗೆಯಲ್ಲಿದ್ದರೆ ಅದು ಟ್ರಾನ್ಸೀವರ್. ಸಂಪಾದನೆಗಲ್ಲದೆ ಕುತೂಹಲಕ್ಕಾಗಿ, ಪರವಾನಗಿ ಪಡೆದು, ಇಂಥ ಯಂತ್ರದ ಮೂಲಕ ಮಾತಾಡುವವರನ್ನು ಹ್ಯಾಮ್ ಎಂದು ಕರೆಯುವ ರೂಢಿ. ಕನ್ನಡದಲ್ಲಿ ಹವ್ಯಾಸಿ ರೇಡಿಯೊ ಎನ್ನುತ್ತಾರೆ. ಯಕ್ಷಗಾನದ ಹವ್ಯಾಸಿ ಮೇಳ ಎಂದಂತೆಯೇ. ಹವ್ಯಾಸಿ ಎಂದ ಮಾತ್ರಕ್ಕೆ ಕಸುಬು ಕಡಿಮೆ ಎಂದಲ್ಲ.

ಕಡಿಮೆಯಲ್ಲ ಎಂಬುದಕ್ಕೆ ಈ ಜನ ಮಾಡಿದ ಒಂದು ಶೋಧವೇ ಸಾಕು. ಮಾರ್ಕೋನಿ 1901ರಲ್ಲಿ ಅಟ್ಲಾಂಟಿಕ್ ದಾಟಿಸಿದ್ದು ದೀರ್ಘ ಅಲೆಗಳನ್ನು. ದೂರ ಹೋಗಬೇಕಾದರೆ ಅಲೆ ಉದ್ದವಿರಬೇಕು, ಯಂತ್ರ ದೈತ್ಯವಾಗಿರಬೇಕು ಎಂದು ಅಂದಿನ ಪಂಡಿತರು ನಂಬಿದ್ದರು. ಆದ್ದರಿಂದ ಅಮೆರಿಕ ಸರ್ಕಾರ 1912ರಲ್ಲಿ ಕಾನೂನು ಮಾಡಿ, ತುಂಟ ಹುಡುಗರನ್ನು ಹಿತ್ತಲಿಗೆ ಅಟ್ಟುವಂತೆ, ಹವ್ಯಾಸಿಗಳನ್ನೆಲ್ಲ 200 ಮೀಟರಿಗಿಂತ ಕಡಿಮೆ ಉದ್ದದ ಅಲೆಗಳಿಗೆ ಅಟ್ಟಿತು. ಅದು ಯಾರಿಗೂ ಬೇಡವಾದ ಬಂಜರು. ಆ ಬಂಜರಿನಲ್ಲೇ ಹುಡುಗರು ಉತ್ತು ಬಿತ್ತಿದರು. 1921ರ ಡಿಸೆಂಬರಿನಲ್ಲಿ ಅಮೆರಿಕದ ಹವ್ಯಾಸಿಗಳ ಸಂಕೇತ ಸ್ಕಾಟ್ಲೆಂಡಿನ ಕಡಲತೀರದಲ್ಲಿ ಕೇಳಿಸಿತು. 1923ರ ನವೆಂಬರಿನಲ್ಲಿ ಫ್ರಾನ್ಸಿನ ನೀಸ್ ನಗರದ ಲಿಯೋನ್ ದೆಲ್ವಾ ಸುಮಾರು 110 ಮೀಟರಿನಲ್ಲಿ ಅಮೆರಿಕದವರ ಜೊತೆ ಎರಡೂ ಕಡೆಯಿಂದ ಸಂಭಾಷಣೆ ನಡೆಸಿದ. ಬೇಡವೆಂದು ಬಿಸಾಡಿದ ಹ್ರಸ್ವ ಅಲೆಗಳೇ ಲೋಕ ಸುತ್ತಬಲ್ಲವು ಎಂದು ತಿಳಿದದ್ದು ಆಗ. ಬಂಜರು ಹೊಲ ಹಸನಾಯಿತು ಎಂದು ಗೊತ್ತಾದೊಡನೆ ದೊಡ್ಡವರೆಲ್ಲ ಅದರ ಪಾಲಿಗೆ ಬಂದದ್ದು ಬೇರೆ ಕತೆ.

ಹ್ರಸ್ವ ಅಲೆಯ ಗುಟ್ಟು ಭೂಮಿಯಲ್ಲಿಲ್ಲ, ಆಕಾಶದಲ್ಲಿದೆ. ನೆಲದಿಂದ ಇನ್ನೂರೈವತ್ತು ಮುನ್ನೂರು ಕಿಲೋಮೀಟರು ಎತ್ತರದಲ್ಲಿ ಬಿಸಿಲಿನ ಹೊಡೆತಕ್ಕೆ ಗಾಳಿಯ ಅಣುಗಳು ಸೀಳಿ ವಿದ್ಯುತ್ ಕಣಗಳ ಪದರವೊಂದು ಏರ್ಪಟ್ಟಿದೆ. ಇದಕ್ಕೆ ಅಯಾನುಗೋಳ ಎಂದು ಹೆಸರು. ಸೆಕೆಂಡಿಗೆ 70 ಲಕ್ಷ ಸಲ ಕಂಪಿಸುವ, ಎಂದರೆ 7 ಮೆಗಾಹರ್ಟ್ಸಿನ, ಅಲೆಯನ್ನು ನೆಟ್ಟಗೆ ಮೇಲಕ್ಕೆ ಬಿಟ್ಟರೆ ಹಗಲಿನ ಬಹುಪಾಲು ಹೊತ್ತು ಆ ಪದರ ಅದನ್ನು ಬಾಗಿಸಿ ಮರಳಿ ನೆಲಕ್ಕೆ ಕಳಿಸುತ್ತದೆ. ಕಾರಂಜಿಯ ನೀರು ಮೇಲೆದ್ದು ಸುತ್ತಲೂ ಚಿಮ್ಮಿದಂತೆ ಆ ಅಲೆ ನಾಲ್ಕಾರು ನೂರು ಕಿಲೋಮೀಟರಿನ ಸುತ್ತಳತೆಯಲ್ಲಿ ಉದುರುತ್ತದೆ. ನಡುವೆ ಸಹ್ಯಾದ್ರಿ ಇದ್ದರೇನು, ಇಲ್ಲದಿದ್ದರೇನು? ಪೊಲೀಸರ ಕೈಯಲ್ಲಿರುವಂಥ ವಾಕಿಟಾಕಿಯ ಅಲೆ ಗುಡ್ಡಕ್ಕೆ ಹಣೆ ಚಚ್ಚಿಕೊಂಡು ಅಲ್ಲೇ ನಿಲ್ಲುತ್ತದೆ. 7 ಮೆಗಾಹರ್ಟ್ಸಿನ ಅಲೆಗೆ ಗುಡ್ಡದ ಲೆಕ್ಕವೇ ಇಲ್ಲ. ಕರಾವಳಿಯವರಿಗೆ ಇದಕ್ಕಿಂತ ಅನುಕೂಲದ ಅಲೆ ಬೇರೊಂದಿಲ್ಲ. ಇದರ ಉದ್ದ ನಲವತ್ತು ಮೀಟರಿನ ಆಸುಪಾಸು. ಈ ನಲವತ್ತು ಎಂಬ ಸಂಖ್ಯೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಭಾರತದಲ್ಲಿ ಮೊದಲ ಹವ್ಯಾಸಿ ಕೇಂದ್ರ 1921ರಲ್ಲಿ ಕಲ್ಕತ್ತೆಯ ಅಮರೇಂದ್ರ ಚಂದ್ರ ಗೂಪ್ತು ಅವರದ್ದು ಎನ್ನುತ್ತಾರೆ. 1924ರಲ್ಲಿ ಮದರಾಸಿನ ಸಿ.ವಿ. ಕೃಷ್ಣಸ್ವಾಮಿ ಚೆಟ್ಟಿ ಬಿಡಿಭಾಗಗಳನ್ನು ತರಿಸಿ 40 ವಾಟಿನ ಪ್ರೇಷಕ ಜೋಡಿಸಿದರು. ಮದರಾಸು ರೇಡಿಯೊ ಕ್ಲಬ್ಬಿನ ಪ್ರಸಾರ ಅದರಿಂದಲೇ ಆರಂಭವಾಯಿತು. ಕನ್ನಡಿಗರಿಗೆ ಹೆಚ್ಚು ಪರಿಚಿತವಾದದ್ದು ಮೈಸೂರಿನ ಕತೆ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠಲ ವಿಹಾರ’ದಿಂದಲೇ ಸಣ್ಣ ಪ್ರೇಷಕವೊಂದನ್ನು ಹಚ್ಚಿ ಪ್ರಸಾರ ಶುರುಮಾಡಿದರು. ಅದಕ್ಕೆ ಇಟ್ಟ ಹೆಸರು ಆಕಾಶವಾಣಿ. ದೇಶಕ್ಕೆಲ್ಲ ಆ ಹೆಸರು ಹಬ್ಬಿದ್ದು ಎರಡು ದಶಕಗಳ ನಂತರ. ಇದು ಹ್ಯಾಮ್ ಸಂಭಾಷಣೆಯಲ್ಲ, ಊರಿಗೆಲ್ಲ ಕೇಳಿಸುವ ಪ್ರಸಾರ; ಆದರೂ ಬೀಜ ಒಂದೇ. ಮನಶ್ಶಾಸ್ತ್ರದ ಮೇಷ್ಟರೊಬ್ಬರು ಇಂಜಿನಿಯರುಗಳಿಗಾಗಿ ಕಾಯದೆ ಕೈಯಿಂದ ಹಣ ಹಾಕಿ ಆಕಾಶಕ್ಕೆ ಮಾತು ಬಿಟ್ಟರು. ಹಲವು ವರ್ಷ ಹಾಗೇ ನಡೆದು, ನಲವತ್ತರ ದಶಕದ ಆರಂಭದಲ್ಲಿ ಕೇಂದ್ರ ಅವರ ಕೈಯಿಂದ ಸಂಸ್ಥಾನದ ಆಡಳಿತಕ್ಕೆ ಹೋಯಿತು.

ಮೈಸೂರಿನಲ್ಲಿ ಅದು ನಡೆಯಲು ಅಲ್ಲಿನ ಸಂಸ್ಥಾನದ ಉದಾರ ವಾತಾವರಣವೂ ಕಾರಣ. ಬ್ರಿಟಿಷ್ ಇಂಡಿಯಾದಲ್ಲಿ ಸಂಗತಿ ಬೇರೆ. 1885ರ ಟೆಲಿಗ್ರಾಫ್ ಕಾಯ್ದೆಯೇ ತಂತಿ ಸಂಪರ್ಕವನ್ನು ಸರ್ಕಾರದ ಏಕಸ್ವಾಮ್ಯ ಮಾಡಿತ್ತು. 1933ರ ವೈರ್‌ಲೆಸ್ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ನಿಸ್ತಂತು ಯಂತ್ರವನ್ನು ಪರವಾನಗಿಯಿಲ್ಲದೆ ಇಟ್ಟುಕೊಳ್ಳುವುದನ್ನೇ ಅಪರಾಧವೆಂದಿತು. ಬಳಸುವುದಲ್ಲ, ಇಟ್ಟುಕೊಳ್ಳುವುದು. ಎಂಬತ್ತರ ದಶಕದವರೆಗೂ ನಾವು ಅಂಚೆ ಕಚೇರಿಗೆ ಹೋಗಿ ರೇಡಿಯೊ ಲೈಸೆನ್ಸಿನ ಪುಸ್ತಕಕ್ಕೆ ಸ್ಟಾಂಪು ಅಂಟಿಸಿಕೊಂಡು ಬರುತ್ತಿದ್ದುದು ಈ ಕಾನೂನುಗಳ ಬಾಲವೇ. ಕೇಳುವ ರೇಡಿಯೊಗೇ ಇಷ್ಟಾದರೆ ಮಾತಾಡುವ ರೇಡಿಯೊಗೆ ಎಷ್ಟಿರಬೇಡ!

ಇಲ್ಲಿ ಅಂಕೋಲೆಯವರಿಗೆ ಉಪ್ಪು ನೆನಪಾಗದೆ ಇರದು. 1930ರ ಏಪ್ರಿಲ್ 6ರಂದು ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿದರು. ಒಂದೇ ವಾರ ಕಳೆದು, ಏಪ್ರಿಲ್ 13ರಂದು, ಎಂ.ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಅಂಕೋಲೆಯ ಕಡಲ ದಂಡೆಯಲ್ಲಿ ಉಪ್ಪಿನ ಕಾನೂನು ಮುರಿಯಲಾಯಿತು. ಬೇಲೆಕೇರಿಯಿಂದ ಅದು ಕೂಗಳತೆಯಲ್ಲದಿದ್ದರೂ ನಡೆದು ಹೋಗುವಷ್ಟು ದೂರ. ಕಡಲು ಯಾರ ಸ್ವತ್ತೂ ಅಲ್ಲ, ಬಿಸಿಲು ಯಾರ ಸ್ವತ್ತೂ ಅಲ್ಲ. ಎರಡೂ ಸೇರಿ ಆಗುವ ಉಪ್ಪನ್ನು ಮಾತ್ರ ಸರ್ಕಾರವನ್ನು ಕೇಳಿಯೇ ಮಾಡಬೇಕಿತ್ತು. ರೇಡಿಯೊದ ಕಾನೂನೂ ಅದೇ ಜಾತಿಯದು. ತಾಮ್ರದ ತಂತಿ, ಗಾಜಿನ ವಾಲ್ವು, ಆಕಾಶದ ಪದರ ಇವುಗಳಲ್ಲಿ ಯಾವುದನ್ನೂ ಸರ್ಕಾರ ಸೃಷ್ಟಿಸಿದ್ದಲ್ಲ. ಒಂದು ವ್ಯತ್ಯಾಸ ಮಾತ್ರ ಇದೆ, ಅದನ್ನು ಮುಚ್ಚಿಡಬಾರದು. ನಾನು ಉಪ್ಪು ಕಾಯಿಸಿದರೆ ನೆರೆಯವರ ಉಪ್ಪು ಕರಗುವುದಿಲ್ಲ. ನಾನು ಎಲ್ಲೆಂದರಲ್ಲಿ ಪ್ರೇಷಕ ಹಚ್ಚಿದರೆ ಹಡಗಿನವರ, ವಿಮಾನದವರ ಮಾತು ಕೆಡುತ್ತದೆ. ಅಲೆಗಳಿಗೆ ಬೇಲಿ ಬೇಕೇ ಬೇಕು. ಬೇಲಿಯ ಕೀಲಿ ಯಾರ ಕೈಯಲ್ಲಿ, ಎಷ್ಟು ಬಿಗಿ ಎಂಬುದಷ್ಟೇ ಜಗಳ.

1939ರಲ್ಲಿ ಯುದ್ಧ ಬಂದಾಗ ಬಿಗಿ ಪೂರ್ತಿಯಾಯಿತು. ಹೊಸ ಪರವಾನಗಿ ನಿಂತಿತು. ಇದ್ದ ಹವ್ಯಾಸಿಗಳು ತಮ್ಮ ಪ್ರೇಷಕಗಳನ್ನು ಪೊಲೀಸರಿಗೆ ಒಪ್ಪಿಸಬೇಕೆಂಬ ಆಜ್ಞೆ ಹೊರಟಿತು. ಆದರೆ ಪೆಟ್ಟಿಗೆಯನ್ನು ಜಪ್ತು ಮಾಡಬಹುದು, ಕಟ್ಟುವ ವಿದ್ಯೆಯನ್ನು ಜಪ್ತು ಮಾಡುವುದು ಹೇಗೆ? 1942ರ ಆಗಸ್ಟಿನಲ್ಲಿ ನಾಯಕರೆಲ್ಲ ಸೆರೆಯಾಗಿ ಪತ್ರಿಕೆಗಳ ಬಾಯಿ ಮುಚ್ಚಿದಾಗ, ಮುಂಬಯಿಯಲ್ಲಿ 22 ವರ್ಷದ ಉಷಾ ಮೆಹ್ತಾ ಮತ್ತು ಗೆಳೆಯರು ರಹಸ್ಯ ಕೇಂದ್ರವೊಂದನ್ನು ತೆರೆದರು. ಅದೇ ಕಾಂಗ್ರೆಸ್ ರೇಡಿಯೊ. ಯಂತ್ರ ಜೋಡಿಸಿಕೊಟ್ಟವರು ನರಿಮನ್ ಪ್ರಿಂಟರ್ ಎಂಬ ತಂತ್ರಜ್ಞ. ಬಿಡಿಭಾಗಗಳಿಗೆ ನೆರವಾದವರು ಶಿಕಾಗೊ ರೇಡಿಯೊ ಕಂಪನಿಯ ನಾನಕ್ ಮೋಟವಾನೆ. ಧ್ವನಿವರ್ಧಕಗಳ ಮೇಲೆ ಆ ಕಂಪನಿಯ ಹೆಸರನ್ನು ಹಳಬರು ಸಭೆಗಳಲ್ಲಿ ನೋಡಿಯೇ ಇರುತ್ತಾರೆ. ಮನೆಯಿಂದ ಮನೆಗೆ ಯಂತ್ರ ಹೊತ್ತು ತಿರುಗುತ್ತ, ಪೊಲೀಸರ ಪತ್ತೆ ವ್ಯಾನಿನ ಕಣ್ಣು ತಪ್ಪಿಸುತ್ತ, ನವೆಂಬರ್ 12ರವರೆಗೆ ಅವರು ಪ್ರಸಾರ ನಡೆಸಿದರು. ಕೊನೆಗೆ ಸುಳಿವು ಕೊಟ್ಟವನು ಯಂತ್ರ ಕಟ್ಟಿದ ಪ್ರಿಂಟರನೇ. ಉಷಾ ಅವರಿಗೆ ನಾಲ್ಕು ವರ್ಷ ಸಜೆಯಾಯಿತು.

ಆ ಕೇಂದ್ರ ತನ್ನ ಅಲೆಯುದ್ದವನ್ನು ಪ್ರತಿ ಸಲವೂ ಸಾರುತ್ತಿತ್ತು: 42.34 ಮೀಟರು. ಲೆಕ್ಕ ಹಾಕಿ ನೋಡಿ, 7 ಮೆಗಾಹರ್ಟ್ಸಿನ ಚಿಲ್ಲರೆಯಾಗುತ್ತದೆ. ಭಾರತದ ಹವ್ಯಾಸಿಗಳು ಇಂದು ಬೆಳಗ್ಗೆ ಎದ್ದು ಕ್ಷೇಮಸಮಾಚಾರ ಮಾತಾಡಿಕೊಳ್ಳುವುದು ಇದೇ ನಲವತ್ತು ಮೀಟರಿನ ಪಟ್ಟಿಯಲ್ಲಿ! ಆಗ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತ್ಯದ್ದೇ ಭಾಗ, 1956ರವರೆಗೂ. ಮುಂಬಯಿಯಿಂದ ಬೇಲೆಕೇರಿಗಿರುವ 500 ಕಿಲೋಮೀಟರು ನಾನು ಮೇಲೆ ಹೇಳಿದ ಕಾರಂಜಿಯ ಸುತ್ತಳತೆಗೆ ಹೇಳಿ ಮಾಡಿಸಿದ ದೂರ. ಆ ಅಲೆಯನ್ನು ಆರಿಸಿಕೊಂಡದ್ದರಲ್ಲಿ ಬುದ್ಧಿವಂತಿಕೆಯಿತ್ತು ಎಂದೇ ನನ್ನ ಎಣಿಕೆ. ಪ್ರಾಂತ್ಯದ ಮೂಲೆಮೂಲೆಗೆ ಮುಟ್ಟಬೇಕಾದ ಬಡ ಪ್ರೇಷಕಕ್ಕೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಪರವಾನಗಿ ಮತ್ತೆ ಸಿಗತೊಡಗಿತು. 1948ರ ಮೇ 15ರಂದು ಮಹೂ ಪಟ್ಟಣದ ಸೇನಾ ಸಿಗ್ನಲ್ ಶಾಲೆಯಲ್ಲಿ ಹವ್ಯಾಸಿಗಳ ಅಖಿಲ ಭಾರತ ಸಂಘ ಹುಟ್ಟಿತು. ಬೆಂಗಳೂರಿನ ಹವ್ಯಾಸಿ ರೇಡಿಯೊ ಕ್ಲಬ್ 1959ರದ್ದು. ಆದರೂ 1970ರ ಹೊತ್ತಿಗೆ ಇಡೀ ದೇಶದಲ್ಲಿ ಪರವಾನಗಿ ಪಡೆದವರು ಒಂದು ಸಾವಿರವನ್ನೂ ಮುಟ್ಟಿರಲಿಲ್ಲ. ಪರೀಕ್ಷೆಯಿತ್ತು, ಮೋರ್ಸ್ ಸಂಕೇತ ಬಡಿಯಲು ಕಲಿಯಬೇಕಿತ್ತು. ಪೊಲೀಸು ವಿಚಾರಣೆ ಮುಗಿದು ದೆಹಲಿಯಿಂದ ಕಾಗದ ಬರುವಷ್ಟರಲ್ಲಿ ಹುಡುಗನ ಮದುವೆಯಾಗಿ ಹವ್ಯಾಸ ಇಳಿದುಹೋಗಿರುತ್ತಿತ್ತು ಎಂಬ ತಮಾಷೆ ಸುಮ್ಮನೆ ಹುಟ್ಟಿದ್ದಲ್ಲ. ವಿದೇಶಿ ಯಂತ್ರ ತರಿಸೋಣವೆಂದರೆ ಆಮದು ಸುಂಕ. ಆ ಸುಂಕ ಸಡಿಲವಾದದ್ದು 1984ರಲ್ಲಿ. ಅಲ್ಲಿಯವರೆಗೆ ಕಟ್ಟಿಕೊಳ್ಳುವುದೊಂದೇ ದಾರಿ.

ಕಟ್ಟುವ ಸಾಮಾನು ಎಲ್ಲಿಂದ? ಯುದ್ಧ ಮುಗಿದ ಮೇಲೆ ಸೇನೆ ಹರಾಜು ಹಾಕಿದ ಯಂತ್ರಗಳಿಂದ, ಗುಜರಿ ಅಂಗಡಿಯ ರಾಶಿಯಿಂದ. 807 ಎಂಬ ವಾಲ್ವು ಒಂದು ಪೀಳಿಗೆಯ ಹವ್ಯಾಸಿಗಳಿಗೆ ಮನೆಮಂದಿಯಷ್ಟೇ ಪರಿಚಿತ. ಮುಂದೆ ಬೆಂಗಳೂರು ಇವರ ಕಾಶಿಯಾಯಿತು. 1954ರಲ್ಲಿ ಅಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಅರವತ್ತರ ದಶಕದ ಆರಂಭದಲ್ಲಿ ವಾಲ್ವು, ಬಳಿಕ ಟ್ರಾನ್ಸಿಸ್ಟರು ತಯಾರಿಸತೊಡಗಿತು. ಎಸ್.ಪಿ. ರಸ್ತೆಯ ಗೂಡಂಗಡಿಗಳಲ್ಲಿ ಬಿಡಿಭಾಗಗಳು ಅಳೆದು ಕೊಡುವ ಬೇಳೆಕಾಳಿನಂತೆ ದೊರೆಯತೊಡಗಿದವು. ಊರಿನಿಂದ ಬೆಂಗಳೂರಿಗೆ ಹೊರಟವರ ಕೈಯಲ್ಲಿ ಚೀಟಿ ಕೊಟ್ಟು ತರಿಸುವ ಸಾಮಾನಿನಲ್ಲಿ ಕೆಪಾಸಿಟರೂ ಸೇರಿತು. ಬಡತನದಿಂದಲೇ ಬಂದ ವಿದ್ಯೆ ಇದು. ಇದೇ ಬೆಂಗಳೂರಿನಲ್ಲಿ ಇಸ್ರೋ ಕಟ್ಟಿದ 42.5 ಕಿಲೋ ತೂಕದ ‘ಹ್ಯಾಮ್‌ಸ್ಯಾಟ್’ 2005ರ ಮೇ 5ರಂದು ಮೇಲೇರಿ 2014ರವರೆಗೆ ಲೋಕದ ಹವ್ಯಾಸಿಗಳಿಗೆಲ್ಲ ಕೆಲಸ ಮಾಡಿತು.

ನಡುವೆ ಮಾತು ಕಳಿಸುವ ರೀತಿಯೂ ಬದಲಾಯಿತು. ನಮ್ಮ ಹಳೆಯ ಮೀಡಿಯಂ ವೇವ್ ಪ್ರಸಾರದಲ್ಲಿ ನಡುವೆ ಒಂದು ವಾಹಕ ಅಲೆ, ಅದರ ಎರಡೂ ಪಕ್ಕದಲ್ಲಿ ಮಾತು ತುಂಬಿದ ಎರಡು ಪಟ್ಟಿ. ಎರಡರಲ್ಲೂ ಇರುವುದು ಅದೇ ಮಾತು. ಪೂರ್ತಿ ದನಿಯಲ್ಲಿ ಕೂಗಿದಾಗಲೂ ಮೂರರಲ್ಲಿ ಎರಡು ಪಾಲು ಶಕ್ತಿ ಮಾತಿಲ್ಲದ ವಾಹಕಕ್ಕೇ ಹೋಗುತ್ತದೆ. ಉಳಿದದ್ದರಲ್ಲಿ ಅರ್ಧ, ಎಂದರೆ ಆರರಲ್ಲಿ ಒಂದು ಪಾಲು, ಒಂದೊಂದು ಪಟ್ಟಿಗೆ. ಪಲ್ಲಕ್ಕಿ ಹೊರುವವರೇ ಐದು ಪಾಲು ಊಟ ಮಾಡಿದಂತಾಯಿತು! ವಾಹಕವನ್ನೂ ಒಂದು ಪಟ್ಟಿಯನ್ನೂ ಕತ್ತರಿಸಿ ಒಂದೇ ಪಟ್ಟಿಯನ್ನು ಕಳಿಸುವ ಪದ್ಧತಿಗೆ ಎಸ್‌ಎಸ್‌ಬಿ ಎನ್ನುತ್ತಾರೆ. ಅರವತ್ತರ ದಶಕದ ನಡುವಿನಿಂದ ಭಾರತದ ಹವ್ಯಾಸಿಗಳು ಇದರತ್ತ ತಿರುಗಿದರು. ಆರೇಳು ವಾಟಿನಲ್ಲಿ ಬೆಂಗಳೂರು ಮುಟ್ಟುವ ಮಾತು ನಿಂತಿರುವುದು ಈ ಉಳಿತಾಯದ ಮೇಲೆ. ತೊಡಕೆಂದರೆ ಕತ್ತರಿಸುವುದು ಸುಲಭವಲ್ಲ. ನಿಖರವಾದ ಸೋಸುಗ ಬೇಕು. ಅದು ದುಬಾರಿ, ಅದೂ ಆಮದು. ಮನೆಯಲ್ಲಿ ಎಸ್‌ಎಸ್‌ಬಿ ಕಟ್ಟುವುದು ಪಂಡಿತರಿಗಷ್ಟೇ ಎಂಬ ಭಾವನೆ ಬಹುಕಾಲ ಉಳಿಯಿತು.

ಈ ಗಂಟನ್ನು ಬಿಚ್ಚಿದವರು ಹೈದರಾಬಾದಿನ ಅಶ್‌ಹರ್ ಫರ್ಹಾನ್. ಈ ಶತಮಾನದ ಮೊದಲ ವರ್ಷಗಳಲ್ಲಿ ಅವರು ‘ಬಿಟೆಕ್ಸ್’ ಎಂಬ ಟ್ರಾನ್ಸೀವರಿನ ನಕ್ಷೆಯನ್ನು ಯಾರು ಬೇಕಾದರೂ ಕಟ್ಟಿಕೊಳ್ಳಲೆಂದು ಬಿಡುಗಡೆ ಮಾಡಿದರು. ಅದರ ಸಾಮಾನಿನ ಪಟ್ಟಿ ಓದಿದರೆ ನಗು ಬರುತ್ತದೆ, ಆಮೇಲೆ ಗೌರವ ಬರುತ್ತದೆ. ಯಾವ ಊರಿನಲ್ಲೂ ಸಿಗುವ ಅಗ್ಗದ ಟ್ರಾನ್ಸಿಸ್ಟರುಗಳು. ಟಿ.ವಿ. ಆಂಟೆನಾದ ಹಿಂಭಾಗದಲ್ಲಿರುವ ಪುಟ್ಟ ಫೆರೈಟ್ ತುಂಡು. ಸುರುಳಿ ಸುತ್ತಲು ನೀರಿನ ನಲ್ಲಿಯ ವಾಷರ್! ದುಬಾರಿ ಸೋಸುಗದ ಬದಲು ಕಂಪ್ಯೂಟರ್ ಬೋರ್ಡುಗಳಲ್ಲಿರುವಂಥ ಸಾಮಾನ್ಯ ಸ್ಫಟಿಕಗಳ ಸಾಲು. ಕೊನೆಗೆ ಆಂಟೆನಾಕ್ಕೆ ಶಕ್ತಿ ತುಂಬುವುದು ಐಆರ್‌ಎಫ್ 510. ಇದು ರೇಡಿಯೊಗೆಂದು ಹುಟ್ಟಿದ್ದೇ ಅಲ್ಲ. ವಿದ್ಯುತ್ತನ್ನು ಹಚ್ಚಿ ಆರಿಸುವ ಕೆಲಸದ್ದು.

ಜಾಣತನ ಇರುವುದು ಜೋಡಣೆಯಲ್ಲಿ. ಮಾತಾಡುವಾಗ ಮೈಕಿನ ದನಿ ಸ್ಥಿರವಾದ ಒಂದು ಅಲೆಯ ಜೊತೆ ಬೆರೆಯುತ್ತದೆ. ನಲವತ್ತು ಮೀಟರಿನ ಮಾದರಿಯಲ್ಲಿ ಆ ಅಲೆ 12 ಮೆಗಾಹರ್ಟ್ಸಿನದು. ಬೆರೆತು ಹುಟ್ಟಿದ ಎರಡು ಪಟ್ಟಿಗಳಲ್ಲಿ ಒಂದನ್ನು ಸ್ಫಟಿಕಗಳ ಸಾಲು ತಡೆದು ಇನ್ನೊಂದನ್ನು ಬಿಡುತ್ತದೆ. ಹಾಗೆ ಸೋಸಿ ಬಂದದ್ದು, ನಾವು ಗುಂಡಿ ತಿರುಗಿಸಿ ಹೆಚ್ಚುಕಡಿಮೆ ಮಾಡಬಲ್ಲ 5 ಮೆಗಾಹರ್ಟ್ಸಿನ ಇನ್ನೊಂದು ಅಲೆಯ ಜೊತೆ ಬೆರೆಯುತ್ತದೆ. ಹನ್ನೆರಡರಲ್ಲಿ ಐದು ಕಳೆದರೆ ಏಳು. ಅದೇ ನಮಗೆ ಬೇಕಾದ 7 ಮೆಗಾಹರ್ಟ್ಸ್. ಅದನ್ನು ಹಿಗ್ಗಿಸಿ ತಂತಿಗೆ ಬಿಟ್ಟರಾಯಿತು. ಕೇಳುವಾಗ? ಇದೇ ದಾರಿಯಲ್ಲಿ ಹಿಂದಕ್ಕೆ. ತಂತಿಗೆ ಬಂದ ಏಳಕ್ಕೆ ಐದು ಕೂಡಿಸಿ ಹನ್ನೆರಡು ಮಾಡಿ, ಅದೇ ಸ್ಫಟಿಕಗಳಲ್ಲಿ ಸೋಸಿ, ದನಿಯನ್ನು ಬೇರ್ಪಡಿಸಿ ಕಿವಿಗೆ ಕೊಡುವುದು. ಸಾಮಾನ್ಯ ವಿನ್ಯಾಸದಲ್ಲಿ ಕಳಿಸಲು ಒಂದು ಸಾಲು ವರ್ಧಕ, ಕೇಳಲು ಇನ್ನೊಂದು ಸಾಲು. ಇಲ್ಲಿ ಒಂದೇ ಓಣಿ. ಬೇಲೆಕೇರಿಯವರಿಗೆ ಇದನ್ನು ಅರ್ಥಮಾಡಿಸಲು ಯಾವ ನಕ್ಷೆಯೂ ಬೇಕಿಲ್ಲ. ಅಳಿವೆಯ ಬಾಯಿ ಒಂದೇ. ಭರತದಲ್ಲಿ ನೀರು ಒಳಗೆ ಬರುತ್ತದೆ, ಇಳಿತದಲ್ಲಿ ಹೊರಗೆ ಹೋಗುತ್ತದೆ.

ಫರ್ಹಾನ್ ಆಮೇಲೆ, 2016ರಲ್ಲಿ, ನಲವತ್ತು ಮೀಟರಿನ ಬೋರ್ಡನ್ನು ಸಿದ್ಧ ರೂಪದಲ್ಲೇ ಕೊಡತೊಡಗಿದರು. ಹೈದರಾಬಾದಿನಲ್ಲಿ ಮಹಿಳೆಯರ ಗುಂಪೊಂದು ಸುರುಳಿಗಳನ್ನು ಕೈಯಲ್ಲಿ ಸುತ್ತಿ ಜೋಡಿಸಿದ ಬೋರ್ಡುಗಳು ಪರದೇಶಗಳಿಗೂ ಹೋದವು. ಒಂದು ಕಾಲಕ್ಕೆ ಸುಂಕ ಕಟ್ಟಿ ಹೊರಗಿನಿಂದ ತರಿಸುತ್ತಿದ್ದ ವಸ್ತು ಇಲ್ಲಿಂದ ಹೊರಕ್ಕೆ ಹರಿಯಿತು. ಇದು ನಮ್ಮ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗಲಿಲ್ಲ. ಆಗಬೇಕಿತ್ತು.

ಈಗ ಅಂಗಡಿಯಲ್ಲಿ ಒಂದೆರಡು ಸಾವಿರ ರೂಪಾಯಿಗೆ ಚೀನಾದ ಕೈಸೆಟ್ಟು ಸಿಗುವಾಗ ಸುರುಳಿ ಸುತ್ತುತ್ತ ಯಾರು ಕೂರುತ್ತಾರೆ ಎಂದು ಕೇಳುವವರಿದ್ದಾರೆ. ಕೈಸೆಟ್ಟು ಒಳ್ಳೆಯದೇ, ಆದರೆ ಅದರ ಅಲೆ ಅಂಕೋಲೆಯ ಗುಡ್ಡ ದಾಟುವುದಿಲ್ಲ, ಕೆಟ್ಟರೆ ರಿಪೇರಿಯಾಗುವುದಿಲ್ಲ. 2024ರ ಜುಲೈ 16ರಂದು ಇದೇ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜಾರಿ ಹೆದ್ದಾರಿಯ ಮೇಲೆ ಬಿತ್ತು, ಜೀವಗಳು ಹೋದವು, ದಾರಿ ದಿನಗಟ್ಟಲೆ ಮುಚ್ಚಿತು. ಗುಡ್ಡ ಮತ್ತು ಕಡಲಿನ ನಡುವೆ ಒಂದೇ ರಸ್ತೆಯ ಮೇಲೆ ಬದುಕು ನಿಂತಿರುವ ಜಿಲ್ಲೆಯಿದು. 2004ರ ಡಿಸೆಂಬರ್ 26ರಂದು ಸುನಾಮಿ ಅಂಡಮಾನಿಗೆ ಅಪ್ಪಳಿಸಿದಾಗ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಹವ್ಯಾಸಿ ಕೇಂದ್ರ ನಡೆಸಲೆಂದು ಪೋರ್ಟ್‌ಬ್ಲೇರಿನಲ್ಲೇ ಇದ್ದರು. ಟೆಲಿಫೋನು ಸತ್ತಿದ್ದ ಆ ದಿನಗಳಲ್ಲಿ ದ್ವೀಪದ ಸುದ್ದಿ ಅವರ ಹ್ರಸ್ವ ಅಲೆಯಲ್ಲಿ ಹೊರಬಂತು. ಅಲ್ಲಿ ಅವರಿದ್ದದ್ದು ಕಾಕತಾಳೀಯ. ತಾಲ್ಲೂಕಿಗೊಬ್ಬರಾದರೂ ಇಂಥವರು ಇರುವುದನ್ನು ಕಾಕತಾಳೀಯಕ್ಕೆ ಬಿಡಬಾರದು.

ಹಳೆಯ ಎರಡು ಕಾಯ್ದೆಗಳ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂದಿದೆ. ಅನುಮತಿ ಬೇಕೆಂಬುದು ಹೋಗಿಲ್ಲ, ಹೋಗಲೂಬಾರದು. ಹನ್ನೆರಡು ವರ್ಷ ತುಂಬಿದವರು ಪರೀಕ್ಷೆಗೆ ಕೂರಬಹುದು. ಆರಂಭದ ದರ್ಜೆಗೆ ಮೋರ್ಸ್ ಬೇಕಿಲ್ಲ. ಅದು ಸಿಗುವವರೆಗೆ ಗ್ರಾಹಕದ ಭಾಗವನ್ನಷ್ಟೇ ಕಟ್ಟಿ ಕೇಳುತ್ತ ಕೂತರೆ ಅದೇ ಒಳ್ಳೆಯ ಪಾಠ. ಎನಾಮಲ್ ಬಳಿದ ತಾಮ್ರದ ತಂತಿಯನ್ನು ಪಂಪ್‌ಸೆಟ್ಟಿನ ಮೋಟಾರು ವೈಂಡಿಂಗ್ ಮಾಡುವ ಅಂಗಡಿಯಲ್ಲಿ ಕೇಳಿ ಪಡೆಯಬಹುದು. ಆಂಟೆನಾ ಎಂದರೆ 66 ಅಡಿ ತಂತಿ, ನಡುವೆ ಕತ್ತರಿಸಿ ಎರಡು ತುಂಡು, ತಲಾ 33 ಅಡಿ. ಎರಡು ತೆಂಗಿನ ಮರಗಳ ನಡುವೆ ಕಟ್ಟಲು ಮೀನು ಬಲೆಯ ನೈಲಾನ್ ಹಗ್ಗಕ್ಕಿಂತ ಉತ್ತಮ ವಸ್ತುವಿಲ್ಲ. ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ, ಮಳೆಗೆ ಕೊಳೆಯುವುದಿಲ್ಲ. ಕಡಲ ಗಾಳಿ ಮಾತ್ರ ಬೆಸುಗೆಯನ್ನು ಬೇಗ ತಿನ್ನುತ್ತದೆ. ಹೊರಗಿನ ಕೀಲುಗಳಿಗೆಲ್ಲ ಮೇಣ ಬಳಿದು ಟೇಪು ಸುತ್ತಬೇಕು. ಮೇ ತಿಂಗಳ ಕೊನೆಗೆ ಪಡುವಣದಲ್ಲಿ ಮೋಡ ಕಟ್ಟಿ ಮೊದಲ ಗುಡುಗು ಕೇಳಿಸಿದಾಗ, ಮಾತು ಎಷ್ಟೇ ಸ್ವಾರಸ್ಯದಲ್ಲಿದ್ದರೂ ಆ ಕಡೆಯವರಿಗೆ ನಮಸ್ಕಾರ ಹೇಳಿ ತಂತಿಯನ್ನು ಪೆಟ್ಟಿಗೆಯಿಂದ ಕಿತ್ತು ಕಿಟಕಿಯ ಹೊರಗೆ ಹಾಕಬೇಕು.